ಎರೆನಾಡಿನ ಹವ್ಯಾಸಿ ಜಟ್ಟಿಗಳು

ಈಜು, ಸೈಕಲ್, ಓಟಗಳನ್ನು ಒಂದೇ ಪಂದ್ಯದಲ್ಲಿ ಹೆಣೆದ ಟ್ರಯಥ್ಲಾನ್ 1974ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಉದಯಿಸಿತು. 1978ರಲ್ಲಿ ಹವಾಯಿಯ ಮೊದಲ ಐರನ್‌ಮ್ಯಾನ್ ಟ್ರಯಥ್ಲಾನ್ ಪಂದ್ಯಕ್ಕಿಳಿದ 15 ಮಂದಿಯಲ್ಲಿ 12 ಮಂದಿ ಗುರಿ ಮುಟ್ಟಿದರು. ಸಂಭಾವನೆಯ ಅಪೇಕ್ಷೆಯಿಲ್ಲದೆ ದೇಹಸತ್ತ್ವವನ್ನು ಒರೆಗೆ ಹಚ್ಚುವ ಈ ಮನೋಧರ್ಮವು ರಾಯಚೂರು ಜಿಲ್ಲೆಯ ಮಸ್ಕಿ ಸೀಮೆಯ ಪಾಮನಕಲ್ಲೂರಿನ ಸುತ್ತಣ ಎರೆನಾಡಿಗೆ ಬಹುಕಾಲದಿಂದ ಪರಿಚಿತವಾದುದು. ಬೇಸಗೆಯ ಉರಿ ಇನ್ನೂ ಇಳಿಯದ ಕಾರಹುಣ್ಣಿಮೆಯ ಹೊತ್ತಿಗೆ, ವರ್ಷವಿಡೀ ಹೊಲದಲ್ಲಿ ದುಡಿದ ರೈತನೇ ಗುಂಡುಕಲ್ಲಿನ ಮುಂದೆ ಮಂಡಿಯೂರಿ, ಅಂಗೈಗೆ ಮಣ್ಣು ತಿಕ್ಕಿಕೊಂಡು, ಹಿಡಿಕೆಯೇ ಇಲ್ಲದ ಆ ನುಣುಪು ಭಾರವನ್ನು ತೊಡೆಗೆ, ತೊಡೆಯಿಂದ ಎದೆಗೆ, ಎದೆಯಿಂದ ಹೆಗಲಿಗೆ ಏರಿಸಿ ಬೆನ್ನ ಹಿಂದಕ್ಕೆ ಚೆಲ್ಲುವನು. ನನ್ನ ಎಣಿಕೆಯಲ್ಲಿ ಇದು ತೋಳ್ಬಲಕ್ಕಿಂತ ಹೆಚ್ಚಾಗಿ ಉಸಿರಿನ ವಿದ್ಯೆ. ರಾಯಚೂರಿನ ಮುಂಗಾರು ಹಬ್ಬದಲ್ಲಿ ಎತ್ತುಗಳು ಭಾರದ ಕಲ್ಲನ್ನೆಳೆಯುವ ಸ್ಪರ್ಧೆಯೊಡನೆ ಕುಸ್ತಿ, ಕಲ್ಲೆತ್ತುವ ಪಂದ್ಯಗಳು ಇಂದಿಗೂ ಜರುಗುತ್ತಿವೆ.