ಕುಶಾಲನಗರದ ಏರು ಮತ್ತು ಎಂಜಿನ್ ಬೆಲ್ಟ್

ಕೊಡಗಿಗೆ ಇಂದಿಗೂ ರೈಲಿಲ್ಲ. ಕಾಫಿ, ಮೆಣಸು, ಮರಮುಟ್ಟು, ಅಕ್ಕಿ, ಶಾಲೆಯ ಮಕ್ಕಳು, ಆಸ್ಪತ್ರೆಗೆ ಹೊರಟ ರೋಗಿ ಎಲ್ಲರಿಗೂ ರಸ್ತೆಯೇ ಗತಿ. ಆ ರಸ್ತೆಯ ಮೂಡಣ ಬಾಗಿಲು ಕುಶಾಲನಗರ. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡಾಗ ಅವರ ರಾಜಕೀಯ ಏಜೆಂಟನಾಗಿದ್ದ ಫ್ರೇಸರನ ಹೆಸರಿನಿಂದ ಇದು ಫ್ರೇಜರ್‌ಪೇಟೆ ಎನಿಸಿಕೊಂಡಿತು. 1956ರ ನವೆಂಬರ್ 1ರವರೆಗೆ ಇಲ್ಲಿ ಕಾವೇರಿ ಎರಡು ರಾಜ್ಯಗಳ ಗಡಿಯಾಗಿತ್ತು. ಈಗ ಆಚೆ ದಡದ ಕೊಪ್ಪ ಮೈಸೂರು ಜಿಲ್ಲೆಯದು, ಈಚೆಯದು ಕೊಡಗು. ಮೈಸೂರಿನಿಂದ ಬಂದ ಗಾಡಿಗೆ ಬಯಲು ಇಲ್ಲಿಗೆ ಮುಗಿಯುತ್ತದೆ. ಸುಂಟಿಕೊಪ್ಪ ದಾಟಿ ಮಡಿಕೇರಿ ಸೇರುವ ಸುಮಾರು 30 ಕಿಲೋಮೀಟರಿನಲ್ಲಿ ಅದು 300 ಮೀಟರಿನಷ್ಟು ಏರಬೇಕು. ಇಂಥ ಊರಿನ ಮೋಟಾರು ಇತಿಹಾಸವನ್ನು ನಾವು ಸಾಮಾನ್ಯವಾಗಿ ರಸ್ತೆ, ಸೇತುವೆ, ಬಸ್ಸುಗಳ ಲೆಕ್ಕದಲ್ಲಿ ಹೇಳುತ್ತೇವೆ. ಆದರೆ ಗಾಡಿ ಸಾಕುವ ವಿದ್ಯೆಯಲ್ಲಿ ಆದ ದೊಡ್ಡ ತಿರುವು ಕಾಣುವುದು ಎಂಜಿನ್ನಿನ ಬೆಲ್ಟಿನಲ್ಲಿ. ಕಣ್ಣು ಕಿವಿಗಳಿಂದ ಕೆಡುಕನ್ನು ಹಿಡಿಯುತ್ತಿದ್ದ ಕಾಲ ಹೋಗಿ, ತಾರೀಖು ಬರೆದಿಟ್ಟು ಕೆಡುವ ಮುನ್ನವೇ ಬದಲಿಸಬೇಕಾದ ಕಾಲ ಬಂದದ್ದು ಅದರಿಂದ. ಆ ತಿರುವನ್ನು ನಾವಿನ್ನೂ ಪೂರ್ತಿ ಅರಗಿಸಿಕೊಂಡಿಲ್ಲ ಎಂಬುದು ನನ್ನ ವಾದ.

ಬೆಲ್ಟು ಈ ಸೀಮೆಗೆ ಕಾರಿನೊಂದಿಗೇ ಬಂದ ಹೊಸ ವಸ್ತುವೇನೂ ಅಲ್ಲ. ಕಾಫಿ ತೋಟದ ಪಲ್ಪರನ್ನೂ ಅಕ್ಕಿ ಗಿರಣಿಯ ಹಲ್ಲರನ್ನೂ ಆಯಿಲ್ ಎಂಜಿನ್ನಿಗೆ ಜೋಡಿಸಿದ್ದು ಅಗಲವಾದ ಚಪ್ಪಟೆ ಬೆಲ್ಟೇ. ಅದು ಜಾರಿದರೆ ಯಂತ್ರದ ಸದ್ದು ಬದಲಾಗುತ್ತದೆ, ಸುಟ್ಟ ವಾಸನೆ ಬರುತ್ತದೆ. ನಡೆಸುವವನು ಅಲ್ಲೇ ನಿಂತಿರುತ್ತಾನೆ. ಸವೆದ ಜಾಗ ಕತ್ತರಿಸಿ, ಎರಡು ತುದಿ ಸೇರಿಸಿ ಮತ್ತೆ ಓಡಿಸಬಹುದು. 1917ರಲ್ಲಿ ಅಮೆರಿಕದ ಡೆನ್ವರಿನಲ್ಲಿ ಜಾನ್ ಗೇಟ್ಸ್ ರೂಪಿಸಿದ ರಬ್ಬರಿನ ವಿ-ಬೆಲ್ಟ್ ಗಾಲಿಯ (ಪುಲ್ಲಿಯ) ಸೀಳಿನಲ್ಲಿ ಬೆಣೆಯಂತೆ ಕಚ್ಚಿಕೊಂಡು ಕೂರುತ್ತಿದ್ದುದರಿಂದ ಜಾರುವುದು ಕಡಿಮೆಯಾಯಿತು. ಕಾರುಗಳಲ್ಲಿ ಫ್ಯಾನ್ ಬೆಲ್ಟ್ ಎಂದು ನೆಲೆನಿಂತದ್ದು ಇದೇ.

ಸ್ವಾತಂತ್ರ್ಯದ ಹೊತ್ತಿಗೆ ಮಹೀಂದ್ರ ಕಂಪನಿ ಮುಂಬಯಿಯಲ್ಲಿ ಜೋಡಿಸತೊಡಗಿದ ವಿಲ್ಲೀಸ್ ಜೀಪು ಕೊಡಗಿನ ತೋಟಗಳ ಮನೆಗಾಡಿಯೇ ಆಯಿತು. ಆಮೇಲೆ ಅಂಬಾಸಿಡರ್, ಫಿಯಟ್ ಬಂದವು. ಇವುಗಳ ಒಂದೇ ಬೆಲ್ಟು ಫ್ಯಾನು, ನೀರಿನ ಪಂಪು, ಡೈನಮೋ ಮೂರನ್ನೂ ತಿರುಗಿಸುತ್ತಿತ್ತು. ಭಾರ ಹೊತ್ತು ಏರು ಹತ್ತುವಾಗ ಬೆಲ್ಟು ಸಡಿಲವಾಗಿದ್ದರೆ ರೇಡಿಯೇಟರ್ ಕುದಿಯುತ್ತದೆ, ಬ್ಯಾಟರಿಗೆ ಚಾರ್ಜ್ ನಿಲ್ಲುತ್ತದೆ. ಆದ್ದರಿಂದ ಏರಿಗೆ ಮುನ್ನ ಬಾನೆಟ್ ಎತ್ತಿ, ಎರಡು ಗಾಲಿಗಳ ನಡುವೆ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡುವುದು ತಿಳಿದ ಡ್ರೈವರನ ಲಕ್ಷಣ. ಅರ್ಧ ಇಂಚಿನಷ್ಟು ಬಗ್ಗಿದರೆ ಸರಿ. ಹೆಚ್ಚಾದರೆ ಡೈನಮೋ ಬೋಲ್ಟ್ ಸಡಿಲಿಸಿ, ಅದನ್ನು ಹೊರಕ್ಕೆ ಮೀಟಿ, ಮತ್ತೆ ಬಿಗಿಯಬೇಕು. ಬೆಲ್ಟು ಕಿರ್ರೆಂದು ಕೂಗಿ ಮೊದಲೇ ಎಚ್ಚರಿಸುತ್ತಿತ್ತು. ತುಂಡಾದರೂ ಡಿಕ್ಕಿಯಲ್ಲಿ ಇನ್ನೊಂದಿದ್ದರೆ ರಸ್ತೆಬದಿಯಲ್ಲೇ ಹಾಕಿಕೊಳ್ಳಬಹುದಿತ್ತು. ಎಂಜಿನ್ನಿನ ಒಳಗೆ ವಾಲ್ವುಗಳ ವೇಳೆ ಕಾಯುವ ಕೆಲಸ ಮಾತ್ರ ಚೈನಿನದೋ ಗೇರಿನದೋ ಆಗಿತ್ತು. ಅದು ಆಯಿಲ್‌ನಲ್ಲಿ ಮಿಂದುಕೊಂಡು ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ನಡೆಯುತ್ತಿತ್ತು.

ಈ ಏರ್ಪಾಡನ್ನು ಬದಲಿಸಿದ್ದು 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800. ಹಲ್ಲುಳ್ಳ ರಬ್ಬರ್ ಬೆಲ್ಟಿನಿಂದ, ಅಂದರೆ ಟೈಮಿಂಗ್ ಬೆಲ್ಟಿನಿಂದ, ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ತಿರುಗಿಸುವ ಕ್ರಮ ಜರ್ಮನಿಯ ಗ್ಲಾಸ್ ಕಂಪನಿಯ ಕಾರಿನಲ್ಲಿ 1962ರಲ್ಲೇ ಬಂದಿತ್ತು. ನಮ್ಮ ಮನೆಬಾಗಿಲಿಗೆ ಅದನ್ನು ತಂದದ್ದು ಮಾರುತಿಯ ಮೂರು ಸಿಲಿಂಡರಿನ ಪುಟ್ಟ ಎಂಜಿನ್. ಆಮೇಲೆ ಓಮ್ನಿ, ಜಿಪ್ಸಿ, ಝೆನ್, 1998ರ ಟಾಟಾ ಇಂಡಿಕಾ ಡೀಸೆಲ್ ಎಲ್ಲವೂ ಟೈಮಿಂಗ್ ಬೆಲ್ಟಿನವೇ. ಇದನ್ನು ಬದಲಿಸುವ ಕೆಲಸ ರಸ್ತೆಬದಿಯದಲ್ಲ. ಕ್ರ್ಯಾಂಕ್ ಗಾಲಿ ಬಿಚ್ಚಿ, ಮುಚ್ಚಳ ತೆಗೆದು, ಮೇಲಿನ ಗಾಲಿಯ ಗುರುತನ್ನೂ ಕೆಳಗಿನ ಗಾಲಿಯ ಗುರುತನ್ನೂ ಎಂಜಿನ್ ಮೇಲಿನ ಗುರುತುಗಳ ನೇರಕ್ಕೆ ತರಬೇಕು. ಮೇಲಿನದಕ್ಕೆ ಕೆಳಗಿನದರ ಎರಡರಷ್ಟು ಹಲ್ಲು. ಕ್ರ್ಯಾಂಕ್ ಎರಡು ಸುತ್ತು ಬಂದರೆ ಕ್ಯಾಮ್ ಒಂದು ಸುತ್ತು. ಹೊಸ ಬೆಲ್ಟ್ ಕೂರಿಸಿ, ಟೆನ್ಷನರ್ ಬಿಗಿದು, ಎಂಜಿನ್ನನ್ನು ಕೈಯಿಂದಲೇ ಎರಡು ಸುತ್ತು ತಿರುಗಿಸಿ, ಗುರುತುಗಳು ಮತ್ತೆ ಕೂಡಿದವೇ ಎಂದು ನೋಡಿದ ಮೇಲೆಯೇ ಸ್ಟಾರ್ಟ್ ಮಾಡಬೇಕು. ಆಯಿಲ್ ಸೀಲ್ ಸೋರುತ್ತಿದ್ದರೆ ಅದನ್ನೂ ಆಗಲೇ ಬದಲಿಸಬೇಕು. ಎಣ್ಣೆ ಕುಡಿದ ರಬ್ಬರ್ ಬಾಳುವುದಿಲ್ಲ.

ಗುಟ್ಟಿರುವುದು ಇಲ್ಲೇ. ಟೈಮಿಂಗ್ ಬೆಲ್ಟ್ ಮುಚ್ಚಳದ ಹಿಂದೆ ಇರುತ್ತದೆ, ಸಾಮಾನ್ಯವಾಗಿ ಕೂಗುವುದಿಲ್ಲ, ತುಂಡಾಗುವ ಕ್ಷಣದವರೆಗೂ ಎಂಜಿನ್ ಚೆನ್ನಾಗಿಯೇ ಓಡುತ್ತಿರುತ್ತದೆ. ತುಂಡಾದರೆ ಎಂಜಿನ್ ನಿಂತೇ ಹೋಗುತ್ತದೆ. ಡೀಸೆಲ್ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ ಪಿಸ್ಟನ್ ವಾಲ್ವಿಗೆ ಬಡಿದು ವಾಲ್ವ್ ಬಗ್ಗುತ್ತದೆ, ಹೆಡ್ ಬಿಚ್ಚಬೇಕಾಗುತ್ತದೆ. ತಲೆಮಾರುಗಳಿಂದ ಬಂದ ಕಣ್ಣು, ಕಿವಿ, ಹೆಬ್ಬೆರಳಿನ ವಿದ್ಯೆ ಇಲ್ಲಿ ನಡೆಯದು. ಉಳಿದಿರುವುದು ಲೆಕ್ಕ ಒಂದೇ: ಯಾವಾಗ ಹಾಕಿದ್ದು, ಎಷ್ಟು ಓಡಿದೆ. ಕಂಪನಿಯ ಪುಸ್ತಕ 60 ಸಾವಿರದಿಂದ 1 ಲಕ್ಷ ಕಿಲೋಮೀಟರಿನ ನಡುವೆ ಒಂದು ಅಂಕಿ ಕೊಡುತ್ತದೆ. ಕೊಡಗಿನಲ್ಲಿ ಆ ಅಂಕಿಯನ್ನೂ ಹಾಗೆಯೇ ನಂಬುವಂತಿಲ್ಲ. ಬೆಲ್ಟ್ ಸವೆಯುವುದು ರಸ್ತೆಯ ಉದ್ದಕ್ಕಲ್ಲ, ಎಂಜಿನ್ನಿನ ಸುತ್ತುಗಳಿಗೆ. ಏರಿನಲ್ಲಿ ಎರಡನೇ ಗೇರಿನಲ್ಲಿ ಸಾಗುವ ಕಾರಿನ ಎಂಜಿನ್ ಒಂದು ಕಿಲೋಮೀಟರಿಗೆ ಟಾಪ್ ಗೇರಿನ ಎರಡು ಪಟ್ಟಿಗೂ ಹೆಚ್ಚು ಸುತ್ತುತ್ತದೆ. ಮೀಟರಿನ ಮೇಲೆ ಎರಡೂ ಒಂದೇ ಕಿಲೋಮೀಟರು.

ಇದಕ್ಕೆ ಆಕ್ಷೇಪಗಳಿವೆ. ಬೆಲ್ಟ್ ಬಂದದ್ದೇ ಕಂಪನಿಗಳ ಬಿಡಿಭಾಗದ ವ್ಯಾಪಾರಕ್ಕೆ, ಹಳೆಯ ಚೈನೇ ವಾಸಿ ಎನ್ನುವವರುಂಟು. ಆದರೆ ಬೆಲ್ಟ್ ಹಗುರ, ಸದ್ದಿಲ್ಲ, ಎಣ್ಣೆ ಬೇಡ, ಬೆಲೆಯೂ ಕಡಿಮೆ. ಮಧ್ಯಮ ವರ್ಗದವರ ಕೈಗೆಟಕುವ ಪುಟ್ಟ ಕಾರು ಸಾಧ್ಯವಾದುದರಲ್ಲಿ ಅದರ ಪಾಲೂ ಇದೆ. ಆ ಉಳಿತಾಯಕ್ಕೆ ನಾವು ಕೊಡಬೇಕಾದದ್ದು ಸಕಾಲದ ಎಚ್ಚರ. ಈಗ ಮಾರುತಿಯ ಕೆ-ಸರಣಿಯಂಥ ಎಂಜಿನ್ನುಗಳಲ್ಲಿ ಚೈನ್ ಮರಳಿದೆಯಲ್ಲ, ಈ ಮಾತೇಕೆ ಎಂದೂ ಕೇಳಬಹುದು. ಆ ಕಾರುಗಳಲ್ಲೂ ಆಲ್ಟರ್ನೇಟರಿಗೆ, ಏಸಿಗೆ ಹೊರಗಿನ ಬೆಲ್ಟ್ ಇದ್ದೇ ಇದೆ. ಆಯಿಲ್ ಬದಲಿಸುವುದು ತಡವಾದರೆ ಚೈನೂ ಸಡಿಲಗೊಳ್ಳುತ್ತದೆ. ಲೆಕ್ಕ ಇಡುವ ಹೊಣೆ ಮಾತ್ರ ತಪ್ಪಿಲ್ಲ. ಮೂರನೆಯದು ತೋಟದ ಮನೆಗಳಲ್ಲಿ ಸಹಜವಾದ ಮಾತು: ನಮ್ಮ ಕಾರು ವರ್ಷಕ್ಕೆ ಓಡುವುದೇ ನಾಲ್ಕೈದು ಸಾವಿರ, ಬೆಲ್ಟಿಗೇನಾದೀತು? ರಬ್ಬರಿಗೆ ಓಟದಷ್ಟೇ ವಯಸ್ಸೂ ಶತ್ರು. ನಿಂತ ಕಾರಿನಲ್ಲೂ ಅದು ಗಡುಸಾಗುತ್ತದೆ, ಬಿರುಕು ಬಿಡುತ್ತದೆ. ಅದಕ್ಕೇ ಅನೇಕ ಕಂಪನಿಗಳು ಕಿಲೋಮೀಟರಿನ ಜೊತೆಗೆ ವರ್ಷದ ಮಿತಿಯನ್ನೂ ಹೇಳುತ್ತವೆ. ಯಾವುದು ಮೊದಲು ಬರುವುದೋ ಅದೇ ಗಡುವು.

ಹಾಗಾಗಿ ಕುಶಾಲನಗರದ ಬಿ.ಎಂ. ರಸ್ತೆಯಲ್ಲಿ ಗಾಡಿ ನಿಲ್ಲಿಸಿ ರಿಪೇರಿ ಮಾಡಿಸುವವರಿಗೂ ಮಾಡುವವರಿಗೂ ಒಂದು ವಿನಂತಿ. ಬೆಲ್ಟ್ ಬದಲಿಸಿದ ದಿನ, ತಾರೀಖನ್ನೂ ಕಿಲೋಮೀಟರನ್ನೂ ಒಂದು ಚೀಟಿಯಲ್ಲಿ ಬರೆದು ಬಾನೆಟ್ಟಿನ ಒಳಬದಿಗೆ ಅಂಟಿಸಿ. ಹಳೆಯ ಕಾರು ಕೊಳ್ಳುವವರು ಬಣ್ಣ, ಟೈರು ನೋಡುವ ಮುನ್ನ ಆ ಚೀಟಿ ಕೇಳಿ. ಇಲ್ಲವೆಂದರೆ ಹೊಸ ಬೆಲ್ಟಿನ ಖರ್ಚನ್ನು ಬೆಲೆಗೆ ಸೇರಿಸಿಕೊಂಡೇ ವ್ಯಾಪಾರ ಮಾಡಿ. ಮತ್ತೆ ಹೆಚ್ಚು ಏರು ಹತ್ತುವ ಗಾಡಿಯಾದರೆ ಪುಸ್ತಕದ ಗಡುವಿಗೆ ಕಾಯದೆ, ಸ್ವಲ್ಪ ಮೊದಲೇ ಬದಲಿಸಿ.