ಚಳಿಗಾಲದ ಚಿತ್ರಕಾರ ಎಡ್ವರ್ಡ್ ವಿಲ್ಸನ್

ದಕ್ಷಿಣ ಧ್ರುವವನ್ನು ಮೊದಲು ತಲುಪಿದವನು ಅಮುಂಡ್‌ಸೆನ್, ತಡವಾಗಿ ತಲುಪಿ ಹಿಂದಿರುಗುವಾಗ ಮಡಿದವನು ಸ್ಕಾಟ್ ಎಂದು ಹೇಳಿ ನಾವು ಮುಂದಿನ ಪಾಠಕ್ಕೆ ಹೋಗಿಬಿಡುತ್ತಿದ್ದೆವು. ಪರೀಕ್ಷೆಗೆ ಅಷ್ಟು ಸಾಕಾಗಿತ್ತು. ಸ್ಕಾಟನ ಪಕ್ಕದಲ್ಲಿ, ಅದೇ ಡೇರೆಯಲ್ಲಿ ಪ್ರಾಣಬಿಟ್ಟ ವೈದ್ಯ ಎಡ್ವರ್ಡ್ ವಿಲ್ಸನ್ನನ ಹೆಸರನ್ನು ನಾನು ತರಗತಿಯಲ್ಲಿ ಹೇಳಿದ ನೆನಪಿಲ್ಲ. ಆ ಲೋಪವನ್ನು ಈಗ ತುಂಬಿಕೊಡುತ್ತಿದ್ದೇನೆ. ಹಳೆಯ ವಿದ್ಯಾರ್ಥಿಗಳು ಕ್ಷಮಿಸಬೇಕು.

ವಿಲ್ಸನ್ ಹುಟ್ಟಿದ್ದು 1872ರಲ್ಲಿ, ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ. ಓದಿದ್ದು ಕೇಂಬ್ರಿಜ್‌ನಲ್ಲಿ ನಿಸರ್ಗವಿಜ್ಞಾನ, ಅನಂತರ ಲಂಡನ್ನಿನಲ್ಲಿ ವೈದ್ಯಕೀಯ. ಚಿತ್ರಕಲೆಯನ್ನು ತಾನೇ ರೂಢಿಸಿಕೊಂಡನು. ಕ್ಷಯರೋಗ ತಗುಲಿ ನಾರ್ವೆ, ಸ್ವಿಟ್ಜರ್ಲೆಂಡ್‌ಗಳಲ್ಲಿ ವಿಶ್ರಾಂತಿಗೆಂದು ಇದ್ದಾಗಲೂ ಅವನ ಕೈಯಲ್ಲಿ ಪೆನ್ಸಿಲ್ ಇದ್ದೇ ಇತ್ತು. ಇಂತಹ ಶ್ವಾಸಕೋಶದವನು 1901ರಲ್ಲಿ 'ಡಿಸ್ಕವರಿ' ಹಡಗನ್ನೇರಿ ಅಂಟಾರ್ಕ್ಟಿಕಕ್ಕೆ ಹೊರಟನೆಂದರೆ ನಂಬುವುದು ಕಷ್ಟ. ಸಹಾಯಕ ವೈದ್ಯ, ಪ್ರಾಣಿಶಾಸ್ತ್ರಜ್ಞ, ಚಿತ್ರಕಾರ ಈ ಮೂರೂ ಹೊಣೆಗಳು ಅವನೊಬ್ಬನ ಮೇಲಿದ್ದವು.

ಛಾಯಾಚಿತ್ರವಿದ್ದ ಕಾಲದಲ್ಲಿ ಚಿತ್ರಕಾರನೇಕೆ ಎಂದು ಕೇಳಬಹುದು. 1910ರ ಎರಡನೆಯ ಯಾತ್ರೆಯಲ್ಲಿ ಹರ್ಬರ್ಟ್ ಪಾಂಟಿಂಗ್‌ನಂತಹ ನಿಪುಣ ಛಾಯಾಗ್ರಾಹಕನೇ ಜೊತೆಗಿದ್ದನು. ಆದರೆ ಅವನ ಚಿತ್ರಗಳು ಬಹುಮಟ್ಟಿಗೆ ಕಪ್ಪು ಬಿಳುಪಿನವು. ಹಿಮದ ನೀಲಿ, ಚಂದ್ರನ ಸುತ್ತಲಿನ ಪ್ರಭಾವಲಯ, ಧ್ರುವಪ್ರಭೆ ಇವುಗಳ ಬಣ್ಣವನ್ನು ದಾಖಲಿಸಲು ಮನುಷ್ಯನ ಕಣ್ಣೇ ಬೇಕಾಗಿತ್ತು. ಬಯಲಿನಲ್ಲಿ ಜಲವರ್ಣ ಬಳಸಿದರೆ ನೀರು ಹೆಪ್ಪುಗಟ್ಟುತ್ತದೆ. ಆದ್ದರಿಂದ ವಿಲ್ಸನ್ ಕೈಗವಸನ್ನು ಕೆಲವು ಕ್ಷಣ ಕಳಚಿ ಪೆನ್ಸಿಲ್‌ನಲ್ಲಿ ರೇಖೆ ಎಳೆಯುವನು, ಎಲ್ಲಿ ಯಾವ ಬಣ್ಣವೆಂದು ಅಲ್ಲಲ್ಲೇ ಅಕ್ಷರದಲ್ಲಿ ಬರೆದುಕೊಳ್ಳುವನು, ಬೆರಳು ಮರಗಟ್ಟುತ್ತಲೇ ಮತ್ತೆ ಗವಸಿನೊಳಗೆ ತೂರಿಸುವನು. ಕಪ್ಪು ಕನ್ನಡಕ ಹಾಕಿಕೊಂಡರೆ ಬಣ್ಣ ತಿಳಿಯದು, ತೆಗೆದರೆ ಹಿಮದ ಬೆಳಕು ಕಣ್ಣನ್ನು ಸುಡುತ್ತದೆ. 1902–03ರಲ್ಲಿ ಸ್ಕಾಟ್ ಮತ್ತು ಶ್ಯಾಕಲ್ಟನ್ ಜೊತೆ ದಕ್ಷಿಣಕ್ಕೆ ನಡೆದಾಗ ಅವನು ಹಿಮಗುರುಡಿನಿಂದ ತೀವ್ರವಾಗಿ ನರಳಿದನು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡೇ ಸ್ಲೆಡ್ಜ್ ಎಳೆದದ್ದೂ ಉಂಟು.

ರಾಸ್ ದ್ವೀಪದ ಇವಾನ್ಸ್ ಭೂಶಿರದಲ್ಲಿ ಅವರು ಕಟ್ಟಿಕೊಂಡ ಮರದ ಮನೆಗೆ ವರ್ಷದಲ್ಲಿ ಸುಮಾರು ನಾಲ್ಕು ತಿಂಗಳು ಸೂರ್ಯದರ್ಶನವಿಲ್ಲ. ಆ ತಿಂಗಳುಗಳಲ್ಲಿ ವಿಲ್ಸನ್ ಅಸಿಟಿಲೀನ್ ದೀಪದಡಿ ಕುಳಿತು, ಹೊರಗೆ ಗೀಚಿ ತಂದ ರೇಖೆಗಳಿಗೆ ಜಲವರ್ಣ ತುಂಬುತ್ತಿದ್ದನು. ಅಲ್ಲಿ ಸಂಜೆಯ ಉಪನ್ಯಾಸಗಳೂ ನಡೆಯುತ್ತಿದ್ದವು. ವಿಲ್ಸನ್ ರೇಖಾಚಿತ್ರಣದ ಬಗೆಗೇ ಒಮ್ಮೆ ಮಾತನಾಡಿದನು. ಮೇಷ್ಟ್ರಾಗಿದ್ದವನಿಗೆ ಈ ಸಂಗತಿ ಬಹಳ ಹಿಡಿಸುತ್ತದೆ: ಹೊರಗೆ ಹಿಮದ ಬಿರುಗಾಳಿ, ಒಳಗೆ ತರಗತಿ!

ಆ ಚಳಿಗಾಲದ ನಡುವೆಯೇ, 1911ರ ಜೂನ್ 27ರಂದು, ವಿಲ್ಸನ್ ಬೋವರ್ಸ್ ಮತ್ತು ಚೆರ್ರಿ-ಗ್ಯಾರಾರ್ಡ್ ಎಂಬಿಬ್ಬರನ್ನು ಕರೆದುಕೊಂಡು ಸುಮಾರು 100 ಕಿಲೋಮೀಟರ್ ದೂರದ ಕ್ರೋಜಿಯರ್ ಭೂಶಿರಕ್ಕೆ ಹೊರಟನು. ಚಕ್ರವರ್ತಿ ಪೆಂಗ್ವಿನ್ ಮೊಟ್ಟೆಯಿಡುವುದು ಕಡುಚಳಿಯಲ್ಲಿ. ಗಂಡು ಹಕ್ಕಿ ಅದನ್ನು ಪಾದಗಳ ಮೇಲಿರಿಸಿಕೊಂಡು ಎರಡು ತಿಂಗಳಿಗೂ ಹೆಚ್ಚು ಕಾಲ ಉಪವಾಸ ನಿಲ್ಲುತ್ತದೆ. ಅದರ ಭ್ರೂಣದಲ್ಲಿ ಸರೀಸೃಪಗಳಿಂದ ಹಕ್ಕಿಗಳು ಬಂದ ಬಗೆ ಕಾಣಬಹುದೆಂಬುದು ವಿಲ್ಸನ್ನನ ಆಸೆ. ಉಷ್ಣತೆ ಮೈನಸ್ 60 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯಿತು. ಬಿರುಗಾಳಿಗೆ ಡೇರೆಯೇ ಹಾರಿಹೋಯಿತು. ಪುಣ್ಯಕ್ಕೆ ಮತ್ತೆ ಸಿಕ್ಕಿತು. ಕೈಗೆ ಬಂದ ಐದು ಮೊಟ್ಟೆಗಳಲ್ಲಿ ಎರಡು ಒಡೆದು ಮೂರು ಉಳಿದವು. ಐದು ವಾರಗಳ ಬಳಿಕ, ಆಗಸ್ಟ್ 1ರಂದು, ಮೂವರೂ ಜೀವಸಹಿತ ಮರಳಿದರು.

ಆ ಮೊಟ್ಟೆಗಳಿಂದ ವಿಜ್ಞಾನಕ್ಕೆ ಹೆಚ್ಚೇನೂ ದೊರೆಯಲಿಲ್ಲವೆಂದು 1934ರ ವರದಿ ಹೇಳಿತು. ಭ್ರೂಣವು ಪೂರ್ವಜರ ಇತಿಹಾಸವನ್ನು ಮರುಕಳಿಸುತ್ತದೆಂಬ ವಾದವೇ ಅಷ್ಟರಲ್ಲಿ ಸಡಿಲಗೊಂಡಿತ್ತು (ನಮ್ಮ ಪಠ್ಯಪುಸ್ತಕಗಳಲ್ಲಿ ಮಾತ್ರ ಅದು ಬಹುಕಾಲ ಬದುಕಿತ್ತು). ವಿಲ್ಸನ್ ಪ್ರಾಣವನ್ನೇ ಪಣವಾಗಿಟ್ಟ ಪ್ರಶ್ನೆಗೆ ಬೆಲೆ ಹೋಯಿತು. ಬಿಡುವಿನಲ್ಲಿ ಬಿಡಿಸಿದ ಪೆಂಗ್ವಿನ್, ಸೀಲ್, ಎರೆಬಸ್ ಪರ್ವತದ ಹೊಗೆ ಇವುಗಳ ಬೆಲೆ ಹೋಗಿಲ್ಲ. ನನ್ನ ಮಟ್ಟಿಗೆ ಮೊಟ್ಟೆಗಳಿಗಿಂತ ಆ ಚಿತ್ರಗಳೇ ದೊಡ್ಡವು. ವಿಲ್ಸನ್ ಒಪ್ಪುತ್ತಿದ್ದನೋ ಇಲ್ಲವೋ!

1912ರ ಜನವರಿ 17ರಂದು ಐವರು ಧ್ರುವ ತಲುಪಿದಾಗ ಅಮುಂಡ್‌ಸೆನ್ ಒಂದು ತಿಂಗಳ ಹಿಂದೆಯೇ ಬಂದುಹೋಗಿದ್ದನು. ಆ ನಿರಾಶೆಯಲ್ಲೂ, ಅಲ್ಲಿಯ ಬೇಸಿಗೆಯೆಂಬ ಕೊರೆಯುವ ಚಳಿಯಲ್ಲೂ, ವಿಲ್ಸನ್ ನಾರ್ವೆಯವರ ಕಪ್ಪು ಬಾವುಟವನ್ನೂ ಪುಟ್ಟ ಡೇರೆಯನ್ನೂ ಪೆನ್ಸಿಲ್‌ನಲ್ಲಿ ಬರೆದುಕೊಂಡನು. ಅವಕ್ಕೆ ಬಣ್ಣ ತುಂಬುವ ಚಳಿಗಾಲ ಅವನಿಗೆ ಬರಲಿಲ್ಲ. ನವೆಂಬರ್ 12ರಂದು ಹುಡುಕಿ ಹೊರಟವರು ಡೇರೆಯನ್ನು ಕಂಡರು. ಆ ರೇಖಾಚಿತ್ರಗಳೂ ಅವರ ಕೈಸೇರಿದವು.