ಹೊರಗೆ ಥಳಕು, ಒಳಗೆ ಹುಳುಕು: ಒಂದು ಭಯಾನಕ ಗೊಂಬೆಯ ಇತಿಹಾಸ

ಕಳೆದ ದೀಪಾವಳಿಯ ಮರುವಾರ ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರ ಮನೆಗೆ ಹೋಗಿದ್ದೆವು. ಮೂಲತಃ ಧಾರವಾಡದ ಕಡೆಯವರು. ಮೂವತ್ತು ವರ್ಷಗಳಿಂದ ಪುಣೆಯಲ್ಲಿ ನೆಲೆಸಿದ್ದಾರೆ. ಅವರ ಮಗ ತನ್ನ ಮೊದಲ ಬೋನಸ್ಸಿನ ಹಣವನ್ನು ಮುಂಗಡ ಕಟ್ಟಿ, ಒಂದೂವರೆ ವರ್ಷ ಕಾದು, ವಿದೇಶದಿಂದ ತರಿಸಿದ ಗೊಂಬೆಯೊಂದು ಅಂದೇ ಬಂದಿತ್ತು. ‘ಏಲಿಯನ್’ ಚಲನಚಿತ್ರದ ಕರಿಯ ಮೈಯ, ನೀಳ ತಲೆಯ ಭೀಕರ ಪ್ರಾಣಿಯ ಪ್ರತಿಮೆ ಅದು. ಮನೆಮಂದಿಯೆಲ್ಲ ಸುತ್ತ ನೆರೆದಿರಲು ಹುಡುಗ ಪೆಟ್ಟಿಗೆ ಬಿಚ್ಚಿದ. ಹಲ್ಲಿಗೆ ಬಳಿದ ಬಣ್ಣ ಒಸಡಿಗೆ ಹರಿದಿತ್ತು. ಬೆನ್ನುದ್ದಕ್ಕೂ ಅಚ್ಚಿನ ಗೆರೆ ಎದ್ದು ಕಾಣುತ್ತಿತ್ತು. ನಿಲ್ಲಿಸಿದರೆ ಗೊಂಬೆ ಪಕ್ಕಕ್ಕೆ ವಾಲುತ್ತಿತ್ತು. “ಇದಕ್ಕ ಇಷ್ಟು ರೊಕ್ಕಾ ಸುರದಿ ಏನಪಾ?” ಎಂದರು ತಂದೆ. ನಾವೂ ನಕ್ಕೆವು. ಹುಡುಗ ಮಾತಾಡದೆ ಥರ್ಮೋಕೋಲನ್ನು ಮತ್ತೆ ಪೆಟ್ಟಿಗೆಗೆ ತುಂಬತೊಡಗಿದ.

ಮನೆಗೆ ಮರಳುವಾಗ ನಮ್ಮ ನಗು ನಮಗೇ ಸರಿಯೆನಿಸಲಿಲ್ಲ. ದುಡಿದ ಹಣದ ನಿರಾಶೆ ಸೀರೆಯದಾದರೇನು, ಗೊಂಬೆಯದಾದರೇನು? ಅಲ್ಲದೆ ಈ ನಿರಾಶೆ ಆ ಹುಡುಗನೊಬ್ಬನದೇ ಅಲ್ಲ. ಅದಕ್ಕೆ ಅರವತ್ತು ವರ್ಷಗಳಿಗೂ ಮಿಕ್ಕಿದ ಇತಿಹಾಸವಿದೆ.

ಅಮೆರಿಕದಲ್ಲಿ ಭಯಾನಕ ಚಿತ್ರಗಳ ಪಾತ್ರಗಳು ಮಕ್ಕಳ ಕೈಗೆ ದೊಡ್ಡ ಪ್ರಮಾಣದಲ್ಲಿ ಬಂದದ್ದು 1961ರಲ್ಲಿ. ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡಿನ ಅರೋರಾ ಕಂಪನಿ ಆ ವರ್ಷ ‘ಫ್ರಾಂಕೆನ್‌ಸ್ಟೈನ್’ ಚಿತ್ರದ ದೈತ್ಯನ ಪ್ಲಾಸ್ಟಿಕ್ ಜೋಡಣೆ ಗೊಂಬೆಯನ್ನು ಹೊರತಂದಿತು. 1931ರ ಆ ಚಿತ್ರದಲ್ಲಿ ದೈತ್ಯನ ಪಾತ್ರ ವಹಿಸಿದವರು ಬೋರಿಸ್ ಕಾರ್ಲಾಫ್. ಮುಖಕ್ಕೆ ಬಣ್ಣ ಹಚ್ಚಿದವರು ಜ್ಯಾಕ್ ಪಿಯರ್ಸ್. ಗೊಂಬೆಯ ಬೆಲೆ 98 ಸೆಂಟು. ಪೆಟ್ಟಿಗೆಯ ಮೇಲೆ ಜೇಮ್ಸ್ ಬಾಮಾ ಎಂಬ ಕಲಾವಿದರು ಬರೆದ ಚಿತ್ರವನ್ನು ಕಂಡರೆ ಮೈ ಜುಮ್ಮೆನ್ನಬೇಕು. ಒಳಗಿದ್ದದ್ದು ಮಾತ್ರ ಬಣ್ಣವಿಲ್ಲದ ಬಿಡಿ ತುಂಡುಗಳು. ಆದರೂ ಅದು ಬಹಳ ಜನಪ್ರಿಯವಾಯಿತು. ಅಂಟು ಹಚ್ಚಿ, ಕುಂಚ ಹಿಡಿದು ಗೊಂಬೆಯನ್ನು ಪೂರ್ತಿಗೊಳಿಸುವವನು ಕೊಂಡ ಹುಡುಗನೇ ಆಗಿದ್ದ. ಕಣ್ಣು ಓರೆಯಾದರೆ ತಪ್ಪು ಅವನದೇ, ಚೆನ್ನಾದರೆ ಹೆಮ್ಮೆಯೂ ಅವನದೇ.

ಮುಂದೆ ಬಂದದ್ದು ಸಿದ್ಧವಸ್ತುವಿನ ಕಾಲ. ಒಹಾಯೋ ರಾಜ್ಯದ ಸಿನ್ಸಿನಾಟಿಯ ಕೆನ್ನರ್ ಕಂಪನಿ 1977ರ ‘ಸ್ಟಾರ್ ವಾರ್ಸ್’ ಚಿತ್ರದ ಗೊಂಬೆಗಳ ಹಕ್ಕು ಪಡೆದಿತ್ತು. ಆ ವರ್ಷದ ಕ್ರಿಸ್‌ಮಸ್ಸಿಗೆ ಗೊಂಬೆಗಳೇ ತಯಾರಾಗಲಿಲ್ಲ. ಆಗ ಕಂಪನಿ ಗೊಂಬೆಗಳಿಲ್ಲದ ಒಂದು ರಟ್ಟಿನ ಪೊಟ್ಟಣ ಮಾರಿತು. ಅದರೊಳಗಿನ ಚೀಟಿಯನ್ನು ಅಂಚೆಗೆ ಹಾಕಿದವರಿಗೆ ಮರುವರ್ಷ ನಾಲ್ಕು ಗೊಂಬೆಗಳು ಬಂದವು. ಕೈಗೆ ಬಾರದ ವಸ್ತುವಿಗೆ ಮೊದಲೇ ಹಣ ಕೊಡುವ ರೂಢಿಗೆ ಇದೊಂದು ಪ್ರಸಿದ್ಧ ಉದಾಹರಣೆ.

ಅದೇ ಕೆನ್ನರ್ 1979ರಲ್ಲಿ ರಿಡ್ಲಿ ಸ್ಕಾಟ್ ನಿರ್ದೇಶನದ ‘ಏಲಿಯನ್’ ಪ್ರಾಣಿಯನ್ನು ಕೈಗೆತ್ತಿಕೊಂಡಿತು. ಆ ರೂಪವನ್ನು ಕಲ್ಪಿಸಿದವರು ಸ್ವಿಟ್ಸರ್ಲೆಂಡಿನ ಕಲಾವಿದ ಎಚ್. ಆರ್. ಗೀಗರ್, ವೇಷ ತೊಟ್ಟವರು ನೈಜೀರಿಯಾದ ಎತ್ತರದ ಯುವಕ ಬೊಲಾಜಿ ಬಡೇಜೊ. ಚಿತ್ರದಲ್ಲಿ ಆ ಪ್ರಾಣಿ ಕಾಣುವುದು ಕೆಲವೇ ನಿಮಿಷ, ಅದೂ ಹೆಚ್ಚಾಗಿ ಕತ್ತಲಲ್ಲಿ. ಅದರ ಭಯವೆಲ್ಲ ಕಾಣದಿರುವುದರಲ್ಲಿತ್ತು. ಕೆನ್ನರಿನ ಗೊಂಬೆಯಾದರೋ 18 ಅಂಗುಲದ್ದು: ತಲೆಗೆ ಪಾರದರ್ಶಕ ಕವಚ, ಒಳಗೆ ಕತ್ತಲಲ್ಲಿ ಹೊಳೆಯುವ ಬುರುಡೆ, ಹಿಂದಿನಿಂದ ಒತ್ತಿದರೆ ಮುಂದೆ ಚಾಚುವ ಒಳದವಡೆ. ಕತ್ತಲ ಪ್ರಾಣಿಯನ್ನು ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ನಿಲ್ಲಿಸಿದಂತಾಯಿತು. ಚಿತ್ರವೇ ವಯಸ್ಕರಿಗಾಗಿ ತೆಗೆದದ್ದು. ಗೊಂಬೆ ಮಕ್ಕಳ ಸಾಲಿನಲ್ಲಿ. ತಂದೆತಾಯಿಗಳು ಆಕ್ಷೇಪಿಸಿದರು, ಮಾರಾಟ ಕುಸಿಯಿತು. ಜೊತೆಗೆ ತರಬೇಕೆಂದಿದ್ದ ಚಿಕ್ಕ ಗೊಂಬೆಗಳನ್ನು ಕಂಪನಿ ಕೈಬಿಟ್ಟಿತು. ಅವುಗಳನ್ನು ಬೇರೆಯವರು ಹೊರತಂದದ್ದು 2013ರಲ್ಲಿ.

ಆ ದೊಡ್ಡ ಗೊಂಬೆಯ ತಲೆಯ ಕವಚ ಕಳಚಿ ಕಳೆದುಹೋಗುತ್ತಿತ್ತು, ದವಡೆ ಮುರಿಯುತ್ತಿತ್ತು. ಇಂದು ಒಂದೂ ಭಾಗ ಕಳೆಯದ ಗೊಂಬೆ ಅಪರೂಪ. ಅಪರೂಪವಾದ್ದರಿಂದಲೇ ಸಂಗ್ರಾಹಕರು ಅದಕ್ಕೆ ದೊಡ್ಡ ಬೆಲೆ ತೆರುತ್ತಾರೆ. ಒಂದು ಕಾಲದ ಕೊರತೆ ಇನ್ನೊಂದು ಕಾಲದ ಬೆಲೆಯಾಗುವುದು ವಿಚಿತ್ರವಲ್ಲವೇ?

1998ರಲ್ಲಿ ಮ್ಯಾಕ್‌ಫಾರ್ಲೇನ್ ಕಂಪನಿ ಭಯಾನಕ ಚಿತ್ರಗಳ ಗೊಂಬೆಮಾಲೆಯೊಂದನ್ನು ದೊಡ್ಡವರ ಸಂಗ್ರಹಕ್ಕೆಂದೇ ಮಾರತೊಡಗಿತು. ಅಂದು ಆಟಿಕೆ ಕೊಂಡಿದ್ದ ಮಕ್ಕಳು ಸಂಬಳ ಎಣಿಸುವವರಾಗಿದ್ದರು. ಬೆಲೆ ಏರಿತು, ಬೆಲೆಯೊಡನೆ ನಿರೀಕ್ಷೆಯೂ ಏರಿತು. ತಯಾರಿಕೆಯ ಕ್ರಮ ಹೀಗೆ: ಮೊದಲು ನುರಿತ ಶಿಲ್ಪಿಯೊಬ್ಬರು ಮೂಲ ಮಾದರಿ ಮಾಡುತ್ತಾರೆ; ನುರಿತ ಕೈಯೊಂದು ದಿನಗಟ್ಟಲೆ ಕೂತು ಅದಕ್ಕೆ ಬಣ್ಣ ಹಚ್ಚುತ್ತದೆ. ಜಾಹೀರಾತಿನಲ್ಲಿ ನಾವು ನೋಡುವುದು ಈ ಮಾದರಿಯ ಫೋಟೋ. ಮನೆಗೆ ಬರುವುದು ಅಚ್ಚಿನಿಂದ ನೂರಾರು, ಸಾವಿರಾರು ಪ್ರತಿಗಳಾಗಿ ಇಳಿದದ್ದು. ಇವುಗಳಲ್ಲಿ ಬಹುಪಾಲು ತಯಾರಾಗುವುದು ಚೀನಾದ ಕಾರ್ಖಾನೆಗಳಲ್ಲಿ. ಅಲ್ಲಿನ ಕೆಲಸಗಾರರಿಗೆ ಒಂದು ಮುಖಕ್ಕೆ ದೊರೆಯುವುದು ಅಲ್ಪ ಸಮಯ. ಬಣ್ಣದ ತಗಡು ಕೂದಲೆಳೆಯಷ್ಟು ಸರಿದರೂ ಮುಖಭಾವ ಕೆಡುತ್ತದೆ. ಪಿವಿಸಿ ಪ್ಲಾಸ್ಟಿಕ್ ಸೆಕೆಗೆ ಮೆತ್ತಗಾಗಿ, ಭಾರ ಹೊತ್ತ ಕಾಲು ಬಾಗುತ್ತದೆ. ವರ್ಷಗಳು ಕಳೆದಂತೆ ಮೈ ಜಿಗುಟಾಗುವುದೂ ಉಂಟು.

ಆದ್ದರಿಂದ ಇಂಥವನ್ನು ಕೊಳ್ಳುವ ಮನೆಗಳಿಗೆ ನಮ್ಮದೊಂದು ಮಾತು. ಮಾದರಿಯ ಫೋಟೋ ನೋಡಿ ಹಣ ಕಟ್ಟಬೇಡಿ; ಮೊದಲ ಪ್ರತಿಗಳು ಹೊರಬಿದ್ದು, ಕೊಂಡವರು ತೆಗೆದ ಚಿತ್ರಗಳನ್ನು ಕಂಡ ಮೇಲೆ ನಿರ್ಧರಿಸಿ. ‘ವಸ್ತುವಿನಲ್ಲಿ ವ್ಯತ್ಯಾಸವಿರಬಹುದು’ ಎಂಬ ಸಣ್ಣಕ್ಷರದ ಸಾಲನ್ನು ದೊಡ್ಡಕ್ಷರವೆಂದೇ ಓದಿ.

ಹದಿನೈದು ದಿನ ಕಳೆದು ಆ ಸದಸ್ಯರು ಫೋನು ಮಾಡಿದ್ದರು. ಬಣ್ಣದ ಸಣ್ಣ ಲೋಪವನ್ನು ದೋಷವೆಂದು ಪರಿಗಣಿಸಲಾಗದೆಂದು ಮಾರಿದವರು ಉತ್ತರ ಬರೆದರಂತೆ. ಹುಡುಗ ಪೇಟೆಯಿಂದ ಎಳೆಗುಂಚ ತಂದು ಹಲ್ಲು ತಿದ್ದಲು ಕೂತಿದ್ದಾನೆ. “ನಾನು ಟಾರ್ಚ್ ಹಿಡಕೊಂಡು ನಿಂತೇನ್ರೀ,” ಎಂದರು ತಂದೆ. ಈ ಸಲ ಅವರೂ ನಗಲಿಲ್ಲ, ನಾವೂ ನಗಲಿಲ್ಲ. 1961ರ ಹುಡುಗರು 98 ಸೆಂಟಿಗೆ ಪಡೆದಿದ್ದ ಸುಖವನ್ನು ಇವನು ಬಲು ದುಬಾರಿಯಾಗಿ ಕೊಂಡ. ಸದ್ಯ, ಅದಾದರೂ ಕೈಗೆ ಬಂತು.